ಊರಿನ ಜೋಳ

ಮಾರ್ಚ್ 9, ರಾತ್ರಿ
ಶಹಾಪುರದ ಬಸ್ಸಿಗೆ ಅವ್ವ ಹಾಕಿದ ಚೀಲ ಬಂತು. ಸ್ವಾರಗೇಟಿನಿಂದ ಸಾಸವಡಕ್ಕೆ ತರುವಷ್ಟರಲ್ಲಿ ಭುಜ ಬಿದ್ದುಹೋಯಿತು. ಬಿಳಿಜೋಳ, ತೊಗರಿಬೇಳೆ. ಎರಡೂ ಗೋಗಿಯ ನಮ್ಮ ಹೊಲದವೇ. ಮೊರಕ್ಕೆ ಹಾಕಿ ಕೇರಿದೆ. ಕಲ್ಲಿಲ್ಲ, ಹುಳವಿಲ್ಲ. ಕಣ್ಣಿಗೆ ಕಾಣುವುದು ಇಷ್ಟೇ.

ಮಾರ್ಚ್ 11
ತಮ್ಮನ ಫೋನು. ಊರಲ್ಲಿ ಮತ್ತೆ ಯುರೇನಿಯಂ ಗಣಿಯ ಮಾತು. ಹುಡುಕಾಟಕ್ಕೆಂದು ಸುರಂಗ ತೋಡಿ ವರ್ಷಗಳೇ ಆದವು, ಅದಿರು ಅರೆಯುವ ಕಾರ್ಖಾನೆ ಬಂದಿಲ್ಲ. ಬಂದರೆ? ಜಾರ್ಖಂಡಿನ ಯುರೇನಿಯಂ ಗಣಿಯೂರು ಜಾದುಗುಡದಲ್ಲಿ 2006ರ ಡಿಸೆಂಬರಿನಲ್ಲಿ ಕೊಳವೆ ಒಡೆದು ಅದಿರಿನ ಕೆಸರು ಹಳ್ಳ ಸೇರಿತ್ತು. ಯುರೇನಿಯಂ ತೆಗೆದ ಮೇಲೂ ಅದಿರಿನ ವಿಕಿರಣದಲ್ಲಿ ಸುಮಾರು 85% ಆ ಕೆಸರಲ್ಲೇ ಉಳಿಯುತ್ತದೆ. ಹಳ್ಳದಿಂದ ಗದ್ದೆ, ಗದ್ದೆಯಿಂದ ತಟ್ಟೆ.

ಅದೇ ದಿನ, ನಿದ್ದೆ ಇಲ್ಲ
ನುಂಗಿದ ಯುರೇನಿಯಂನಲ್ಲಿ ನೂರಕ್ಕೆ ಒಂದೆರಡು ಪಾಲಷ್ಟೇ ರಕ್ತಕ್ಕೆ ಸೇರುತ್ತದೆ, ಅದರ ಪೆಟ್ಟು ಮೂತ್ರಪಿಂಡಕ್ಕೆ. ನನಗೆ ಹೆದರಿಕೆ ಆ ಕೆಸರಲ್ಲಿ ಉಳಿಯುವ ರೇಡಿಯಂದು. ಮೂಳೆ ಅದನ್ನು ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಕರೆದುಕೊಳ್ಳುತ್ತದೆ. ಅರ್ಧಾಯುಷ್ಯ 1600 ವರ್ಷ. ತರಗತಿಯಲ್ಲಿ ಬೋರ್ಡಿನ ಮೇಲೆ ಎಷ್ಟು ಸಲೀಸಾಗಿ ಬರೆಯುತ್ತೇನೆ.

ಮಾರ್ಚ್ 14
ಪುಣೆಯ ಒಂದು ಪ್ರಯೋಗಾಲಯಕ್ಕೆ ಫೋನು ಮಾಡಿದೆ. ಕೀಟನಾಶಕ ನೋಡುತ್ತಾರಂತೆ. ರೇಡಿಯಂ ಅಂದಾಗ ಆ ಹುಡುಗಿ, "ಮೇಡಂ, ಸ್ಪೆಲ್ಲಿಂಗ್ ಹೇಳಿ" ಅಂದಳು.
ಬಾವಿ ನೀರಿನಲ್ಲಿ ಯುರೇನಿಯಂ ಎಷ್ಟಿರಬಹುದು ಎಂಬ ಲೆಕ್ಕವೂ ಗೋಜಲೇ. ವಿಶ್ವ ಆರೋಗ್ಯ ಸಂಸ್ಥೆಗೆ ಲೀಟರಿಗೆ 30 ಮೈಕ್ರೋಗ್ರಾಂ, ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ 60. 45 ಇದ್ದ ಕೊಡವನ್ನು ಹೊರುವುದೋ ಚೆಲ್ಲುವುದೋ?

ಮಾರ್ಚ್ 15
ಅವ್ವನಿಗೆ ಹೇಳಿದೆ, ಬಾವಿ ನೀರು ಪರೀಕ್ಷೆ ಮಾಡಿಸು ಅಂತ. "ಹೆದರಿಕಿ ಹಾಕಬ್ಯಾಡವ್ವ. ನೀ ತಿಂಗಳಿಗೊಂದ್ ರೊಟ್ಟಿ ತಿಂತಿ, ನಾವ್ ಮೂರ್ಹೊತ್ತು ತಿಂತೀವಿ." ಸಿಟ್ಟಿಗಲ್ಲ, ಸಮಾಧಾನಕ್ಕೇ ಹೇಳಿದಳು. ನನಗೆ ಸಮಾಧಾನ ಆಗಲಿಲ್ಲ.

ಮಾರ್ಚ್ 17
ರೊಟ್ಟಿ ಬಡಿದೆ. ತಿಂದೆ. ಆ ರುಚಿ ಮಾತ್ರ ಇಲ್ಲಿಯ ಯಾವ ಜೋಳಕ್ಕೂ ಇಲ್ಲ.
ಇಲ್ಲಿಯ ಕರ್ಹಾ ನೀರಾ ನದಿಗೆ, ನೀರಾ ಭೀಮೆಗೆ, ಭೀಮೆ ನಮ್ಮ ಯಾದಗಿರಿಗೆ. ನೀರು ಅತ್ತ ಹೋಗುತ್ತದೆ, ಕಾಳು ಇತ್ತ ಬರುತ್ತದೆ.

ಮಾರ್ಚ್ 20
ಪಕ್ಕದ ಮನೆಯ ಕಾಕೂ ಅಂಜೂರ ತಂದುಕೊಟ್ಟರು. ಭಾಕರಿಗೆ ಒಂದಿಷ್ಟು ಹಿಟ್ಟು ಕೇಳಿದರು. "ಔಷಧಿ ಹೊಡೆದದ್ದಲ್ಲವಲ್ಲ?" ಇಲ್ಲ ಅಂದೆ. ಅಪ್ಪ ಜೋಳಕ್ಕೆ ಎಂದೂ ಹೊಡೆದವನಲ್ಲ.
ಸಂಜೆ ಮತ್ತೆ ಬಂದರು. ಇನ್ನೂ ಎರಡು ಕಿಲೋ ಬೇಕಂತೆ, ದುಡ್ಡು ಕೊಡುತ್ತಾರಂತೆ.