ಭಲಾ ಚಂಗಾ

'ಚಂಗಾ' ಎಂಬ ಮಾತು ನಮ್ಮ ಮನೆಯಲ್ಲಿ ಜ್ವರದ ಬೆನ್ನಿಗೇ ಬರುತ್ತಿತ್ತು. ಮೂರು ದಿನ ಕಂಬಳಿ ಹೊದ್ದು ಮಲಗಿದ್ದ ಮಗು ನಾಲ್ಕನೆಯ ದಿನ ಎದ್ದು, ಗಂಜಿ ಕುಡಿದು ಗಲ್ಲಿಗೆ ಓಡಿತೆಂದರೆ ಅಮ್ಮಾ ಪಕ್ಕದ ಮನೆಯ ಖಾಲಾಗೆ ಹೇಳುತ್ತಿದ್ದುದು ಇಷ್ಟೇ: ಅಬ್ ಭಲಾ ಚಂಗಾ ಹೈ. ನಮ್ಮ ಉರ್ದುವಿನಲ್ಲಿ ಚಂಗಾ ಎಂದರೆ ಬರೀ ಒಳ್ಳೆಯದು ಎಂದಲ್ಲ, ಕಾಯಿಲೆಯಿಂದ ಎದ್ದದ್ದು ಎಂದು. ಹಾಗಾಗಿ 2013ರಲ್ಲಿ ರಘು ದೀಕ್ಷಿತ್ ತಮ್ಮ ಎರಡನೆಯ ಆಲ್ಬಮ್ಮಿಗೆ 'ಜಗ್ ಚಂಗಾ' ಎಂದು ಹೆಸರಿಟ್ಟಾಗ ಬೇರೆಯವರು ಅದನ್ನು 'ಜಗವೆಲ್ಲ ಚೆನ್ನ' ಎಂದು ಓದಿಕೊಂಡರೆ ನಾವು 'ಲೋಕಕ್ಕೆ ಜ್ವರ ಬಿಟ್ಟಿತು' ಎಂದು ಓದಿಕೊಂಡೆವು. ಎರಡಕ್ಕೂ ವ್ಯತ್ಯಾಸವಿದೆ. ಜ್ವರ ಬಂದಿತ್ತೆಂಬುದನ್ನು ಎರಡನೆಯದು ಮರೆಯುವುದಿಲ್ಲ.

ದೀಕ್ಷಿತರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದ ಮನುಷ್ಯ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ ಮೇಲೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಅದನ್ನು ಹೊರತಂದಿತು. ಮುಂಬಯಿಯಲ್ಲಿ ಪವಾಡಕ್ಕೆ ಕಾದು ಕುಳಿತಿದ್ದೇನೆ ಎಂಬ ಅರ್ಥದ ಹೆಸರಿನ ಹಾಡೇ ಅದರಲ್ಲಿದೆ. 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ವರ್ಷದ ಹೊಸಬರೆಂದು ಗುರುತಿಸಿತು. ಎರಡನೆಯ ಆಲ್ಬಂ ಬರುವ ಹೊತ್ತಿಗೆ ಅವರಿಗೆ ನಲವತ್ತು ಹತ್ತಿರವಾಗಿತ್ತು. ಮೊದಲನೆಯದೇ ಚೆಂದ, ಅದರಲ್ಲಿ ಹಸಿವಿತ್ತು ಎನ್ನುವವರು ಬಹಳ ಮಂದಿ. ಇರಬಹುದು. 'ಜಗ್ ಚಂಗಾ'ದಲ್ಲಿ ಕೆಲವು ಕಡೆ ವಾದ್ಯಗಳ ಗದ್ದಲ ಜಾಸ್ತಿಯಾಗಿದೆ ಎಂದು ನಮಗೂ ಅನ್ನಿಸಿದೆ. ಆದರೆ ಮೊದಲ ಆಲ್ಬಮ್ಮಿನಲ್ಲಿ ಹಾಡುವವನು ಬೇಡುತ್ತಿದ್ದ; ಇಲ್ಲಿ ಬೇಡುವುದನ್ನು ಬಿಟ್ಟು ನಗುತ್ತಿದ್ದಾನೆ. ವಯಸ್ಸು ಮಾಡುವ ಕೆಲಸ ಅದು.

ಗಿಟಾರು ನಮಗೆ ಹೊಸದಲ್ಲ. ನಾವು ಹುಟ್ಟಿ ಬೆಳೆದದ್ದು ಮರ್ಫಿ ಟೌನಿನಲ್ಲಿ. ಹಿಂದೆ ನಾಕ್ಸ್‌ಪೇಟೆ ಎನ್ನುತ್ತಿದ್ದ ಈ ಜಾಗಕ್ಕೆ ದಂಡು ಪ್ರದೇಶದ ಇಂಜಿನಿಯರ್ ಮರ್ಫಿಯ ಹೆಸರು ಬಂದಿದೆ. ಒಂದೇ ಗಲ್ಲಿಯಲ್ಲಿ ತಮಿಳು, ದಖ್ಖನಿ, ತೆಲುಗು, ಕನ್ನಡ. ಡಿಸೆಂಬರ್ ಬಂದರೆ ಕ್ರಿಶ್ಚಿಯನ್ ಮನೆಗಳ ಹುಡುಗರು ಗಿಟಾರ್ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಕನ್ನಡ ಮಾತ್ರ ನಮಗೆ ಸ್ಕೂಲಿನಿಂದ, ಕ್ಯಾಸೆಟ್ಟಿನಿಂದ ಬಂತು. ಉರ್ದು ಸ್ಕೂಲಿನಲ್ಲಿ ಅಲಿಫ್ ಬೇ ತಿದ್ದಿ, ಆಮೇಲೆ ಕನ್ನಡ ಸ್ಕೂಲಿಗೆ ಹೋದವರು ನಾವು. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಎರಡೂ ಮಧ್ಯದಲ್ಲೆಲ್ಲೋ ಸಂಧಿಸುತ್ತವೆ ಎಂದು ಆಗ ನಂಬಿದ್ದೆವು, ಈಗಲೂ ನಂಬುತ್ತೇವೆ ಅನ್ನಿ.

ಸಿನಿಮಾದ ಹಂಗಿಲ್ಲದ ಹಾಡಿಗೆ ಇಂದಿನವರು 'ಇಂಡಿ' ಎನ್ನುತ್ತಾರೆ. ಹೆಸರು ಹೊಸದು, ಸಂಗತಿ ಕನ್ನಡಕ್ಕೆ ಹೊಸದಲ್ಲ. 1978ರಲ್ಲಿ ಬಂದ 'ನಿತ್ಯೋತ್ಸವ'ವನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಮಾತು ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಆ ಹಾಡನ್ನು ಹಾಡುವ ಮಕ್ಕಳಿಗೆ ಬರೆದವರ ಜಾತಿ ಧರ್ಮದ ನೆನಪೇ ಬರುವುದಿಲ್ಲ. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಶಿಶುನಾಳ ಷರೀಫರಿಗೆ ಈ ಮರ್ಯಾದೆ ಸಿಕ್ಕಿಲ್ಲ. ನವೆಂಬರ್ ಬಂದರೆ ನಮಗೆ ಫೋನು ಬರುತ್ತದೆ. ರಾಜ್ಯೋತ್ಸವ ಇಟ್ಟುಕೊಂಡಿದ್ದೇವೆ, ಭಾವೈಕ್ಯದ ಬಗ್ಗೆ ನಾಲ್ಕು ಮಾತಾಡಿ, ಷರೀಫರದ್ದನ್ನು ಸ್ವಲ್ಪ ಸೇರಿಸಿ. ನಾವು ಕಥೆ ಬರೆಯುವವರೆಂದು ಕರೆದವರಿಗೆ ಗೊತ್ತಿರುತ್ತದೆ. ಕಥೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಶಾಲು, ಹಣ್ಣಿನ ಬುಟ್ಟಿ ಬೇಡವೆನ್ನುವಷ್ಟು ದೊಡ್ಡವರಲ್ಲ ನಾವು, ಹೋಗುತ್ತೇವೆ. ಆದರೆ ಪ್ರತಿ ಸಲ ಷರೀಫರನ್ನು ಸಾಕ್ಷಿಕಟ್ಟೆಗೆ ಹತ್ತಿಸಿದ ಹಾಗಾಗುತ್ತದೆ. ಈತ ಒಳ್ಳೆಯ ಮುಸಲ್ಮಾನ, ಈತನ ಗುರು ಕಳಸದ ಗೋವಿಂದ ಭಟ್ಟರು, ಆದ್ದರಿಂದ ನಾವೂ ನಿಮ್ಮವರೇ ಸ್ವಾಮಿ ಎಂದು ಅವರಿಂದ ಹೇಳಿಸುವುದು. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾಕ್ಕೆ ಸಿಕ್ಕ ರಾಷ್ಟ್ರಪ್ರಶಸ್ತಿಯೂ ರಾಷ್ಟ್ರೀಯ ಭಾವೈಕ್ಯದ ಹೆಸರಿನಲ್ಲೇ. ಸಿನಿಮಾ ಒಳ್ಳೆಯದು, ಸಿ. ಅಶ್ವತ್ಥರ ಕಂಠ ಇನ್ನೂ ಒಳ್ಳೆಯದು. 'ಕೋಡಗನ ಕೋಳಿ ನುಂಗಿತ್ತಾ' ಹಾಡುವಾಗ ಅವರಲ್ಲಿ ತುಂಟತನವೂ ಇತ್ತು. ಕೈ ಮುಗಿದು ಕೂತದ್ದು ಕೇಳುವ ನಾವೇ.

'ಜಗ್ ಚಂಗಾ'ದಲ್ಲಿ ಷರೀಫರ 'ಲೋಕದ ಕಾಳಜಿ' ಇದೆ. ಲೋಕದ ಚಿಂತೆಯನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತವನಂತೆ ಓಡಾಡುವ ಮನುಷ್ಯನನ್ನು ಕೆಣಕುವ ಪದ. ಬೈಗುಳವಲ್ಲ, ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಹೆಗಲು ತಟ್ಟಿ ಮಾಡುವ ತಮಾಷೆ. ದೀಕ್ಷಿತರು ಇದನ್ನು ಓಡುವ ಲಯಕ್ಕೆ ಹಾಕಿದರು. ವೇದಿಕೆಯ ಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಇಂದಿರಾನಗರದಲ್ಲಿ ಬೇರೆ ರಾಜ್ಯಗಳಿಂದ ಬಂದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಧಾರವಾಡ ಸೀಮೆಯ ಈ ಕನ್ನಡಕ್ಕೆ ಕುಣಿಯುವುದನ್ನು ಕಂಡಿದ್ದೇವೆ. ಅವರಿಗೆ ಅರ್ಧ ಮಾತು ಅರ್ಥವಾಗಿರಲಿಕ್ಕಿಲ್ಲ. ಬರೆದವರು ಯಾರೆಂದೂ ಗೊತ್ತಿರಲಿಕ್ಕಿಲ್ಲ. ಆ ಹೊತ್ತಿನಲ್ಲಿ ಷರೀಫರು ಯಾರ ಪರವಾಗಿಯೂ ಸಾಕ್ಷಿ ಹೇಳಬೇಕಾಗಿರಲಿಲ್ಲ. ಒಳ್ಳೆಯ ಹಾಡು ಕಟ್ಟುವ ಒಬ್ಬ ಮನುಷ್ಯ, ಅಷ್ಟೆ. ನಮಗೆ ಹೆಗಲಿಂದ ಏನೋ ಇಳಿದಂತಾಯಿತು.

ಹೀಗೆ ಕುಣಿದರೆ ತತ್ವ ಎಲ್ಲಿ ಉಳಿಯಿತು ಎಂದು ಹಿರಿಯ ಸ್ನೇಹಿತರೊಬ್ಬರು ತಕರಾರು ತೆಗೆದರು. ತತ್ವಪದ ಎಂದಾದರೂ ಸುಮ್ಮನೆ ಕೂತಿತ್ತೇ? ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದ ಭಜನೆ ಮೇಳಗಳಲ್ಲಿ ನಗುವೂ ಇತ್ತು, ಗಾಂಜಾದ ಹೊಗೆಯೂ ಇತ್ತು. ಮೊದಲ ಆಲ್ಬಮ್ಮಿನಲ್ಲಿ ದೀಕ್ಷಿತರು ಎತ್ತಿಕೊಂಡದ್ದು ಷರೀಫರ 'ಗುಡುಗುಡಿಯ ಸೇದಿ ನೋಡೋ'. ಗುಡುಗುಡಿ ಎಳೆಯುವುದರಲ್ಲೇ ಅಧ್ಯಾತ್ಮ ಕಂಡವರ ಪದವನ್ನು ಬರೀ ಊದುಬತ್ತಿಯ ಪರಿಮಳದಲ್ಲಿ ಕೇಳಬೇಕೆಂದರೆ ಹೇಗೆ?

ಇನ್ನೊಂದು ತಕರಾರು ನಮ್ಮ ಒಳಗಿನದೇ. ಜಗ ಚಂಗಾ ಎನ್ನುವುದು ಯಾರಿಗೆ ಸುಲಭ? 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಅದೇ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಮಾತು ಎದ್ದಿತು. ಆ ದಿನಗಳಲ್ಲಿ ಈ ಆಲ್ಬಂ ಹಾಕಿದರೆ ಕೈ ತಾನಾಗಿ ಹೋಗಿ ಅದನ್ನು ನಿಲ್ಲಿಸುತ್ತಿತ್ತು. ಲೋಕದ ಕಾಳಜಿ ಬಿಡು ಎಂದು ತಮಾಷೆ ಮಾಡಲು ಹೊಟ್ಟೆ ತುಂಬಿರಬೇಕು, ಅಂಗಡಿ ತೆರೆದಿರಬೇಕು ಎನಿಸುತ್ತಿತ್ತು. ಆಗ ಷರೀಫರ ಕಾಲವನ್ನೇ ನೆನೆದೆವು. ಅವರು ಬದುಕಿದ್ದು 1819ರಿಂದ 1889ರವರೆಗೆ. ಪಕ್ಕದ ನರಗುಂದದಲ್ಲಿ 1858ರ ಬಂಡಾಯ ನಡೆದು ಬಾಬಾಸಾಹೇಬನಿಗೆ ಗಲ್ಲಾದದ್ದು ಅವರ ಕಣ್ಣೆದುರಿನ ಕಾಲದಲ್ಲಿ. 1876ರಿಂದ 78ರವರೆಗಿನ ಬರ ಧಾರವಾಡ, ಕಲಾದಗಿ ಸೀಮೆಯಲ್ಲಿ ಊರೂರನ್ನೇ ಖಾಲಿ ಮಾಡಿದಾಗ ಅವರಿಗೆ ಅರುವತ್ತು ಹತ್ತಿರ. ಸ್ವಂತ ಬದುಕೂ ಬಡತನದ್ದೇ. ಅಂದರೆ ಆ ತಮಾಷೆ ಹೊಟ್ಟೆ ತುಂಬಿದವರದ್ದಲ್ಲ. ಇದನ್ನು ಯೋಚಿಸಿದ ಮೇಲೆ ಹಾಡನ್ನು ಪೂರ್ತಿ ಕೇಳಿದೆವು, ಜೋರಾಗಿಯೇ.

ಇಷ್ಟು ಹೇಳಿ ಒಂದನ್ನು ಬಿಟ್ಟರೆ ಸರಿಯಲ್ಲ. 2018ರ ಮೀ ಟೂ ಅಲೆಯಲ್ಲಿ ದೀಕ್ಷಿತರ ಮೇಲೂ ಆರೋಪ ಬಂದಿತು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ನಮ್ಮ ಮನೆಯ ಹೆಣ್ಣುಮಕ್ಕಳು ಅವರ ಹಾಡನ್ನು ಬಹಳ ದಿನ ಹಾಕಲಿಲ್ಲ. ಹಾಕಿ ಎಂದು ನಾವೂ ಹೇಳಲಿಲ್ಲ. ಅವರಲ್ಲಿ ಒಬ್ಬಳು ಈಗಲೂ ಕೇಳುವುದಿಲ್ಲ, ಷರೀಫರ ಪದ ಬೇಕೆಂದರೆ ಅಶ್ವತ್ಥರ ಹಳೆಯ ಹಾಡನ್ನೇ ಹುಡುಕಿಕೊಳ್ಳುತ್ತಾಳೆ.

ಆಪಾನ ಮಗನ ಕಥೆ ಬೇರೆ. ಪಕ್ಕದ ಬೀದಿಯ ಗೆಳೆಯನಿಂದ ಹಳೆಯ ಗಿಟಾರೊಂದನ್ನು ತಂದುಕೊಂಡು ಮೊನ್ನೆ ಮಹಡಿಯ ಮೇಲೆ ಕೂತು 'ಲೋಕದ ಕಾಳಜಿ'ಯನ್ನು ಹಿಡಿಯಲು ಒದ್ದಾಡುತ್ತಿದ್ದ. ಕಲಿಯುವ ಹುಡುಗನಿಗೆ ಹಿನ್ನೆಲೆ ಗೊತ್ತಿರಲಿ ಎಂದು ನಾವು ಪಕ್ಕದಲ್ಲಿ ಕೂತು, ಇದನ್ನು ಕಟ್ಟಿದವರು ಹಾವೇರಿ ಕಡೆಯವರು, ಇಮಾಮ ಸಾಹೇಬರ ಮಗ, ಕನ್ನಡ ಶಾಲೆಯ ಮಾಸ್ತರು ಎಂದೆಲ್ಲ ಹೇಳತೊಡಗಿದೆವು. ಅವನು ತಂತಿಯಿಂದ ತಲೆ ಎತ್ತಲಿಲ್ಲ. 'ಅದು ಗೊತ್ತು. ಇಲ್ಲಿ ಅವರು ಯಾವ ಕಾರ್ಡ್ ಹಾಕಿದ್ದಾರೆ, ಅದನ್ನು ಸ್ವಲ್ಪ ಕೇಳಿ ಹೇಳಿ' ಎಂದು ಮೊಬೈಲನ್ನು ನಮ್ಮ ಕಿವಿಗೆ ಹಿಡಿದ.