ಬೇಸ್ ಗಿಟಾರ್ ಕೋರ್ಸ್ ಮುಗೀತು, ಏಪ್ರಿಲ್ 14ಕ್ಕೆ ನುಡಿಸಲ್ಲ



ಹೋದ ಭಾನುವಾರಕ್ಕೆ ನನ್ನ ಬೇಸ್ ಗಿಟಾರ್ ಕೋರ್ಸ್ ಮುಗೀತು. ನಾಲ್ಕು ತಿಂಗಳು, ಹದಿನಾರು ಕ್ಲಾಸು. ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ. ಜೊತೆಗೆ ಕಲಿತವರೆಲ್ಲ ಪಿಯುಸಿ ಹುಡುಗರು, ನಲವತ್ತು ದಾಟಿದವಳು ನಾನೊಬ್ಬಳೇ. (ಹಾವನೂರು ಅಂದ್ರೆ ಯಾರು ಗೊತ್ತೇನ್ರೋ ಅಂತ ಒಂದಿನ ಕೇಳಿದೆ. ಯಾರಿಗೂ ಗೊತ್ತಿಲ್ಲ. ದೇವರಾಜ ಅರಸು ಕಾಲ, ಹಿಂದುಳಿದ ವರ್ಗಗಳ ಆಯೋಗ, 1975ರ ವರದಿ ಅಂತ ಶುರು ಮಾಡಿದ್ದೆ, ಸರ್ ಮೆಲ್ಲಗೆ "ಮೇಡಂ, ಮೆಟ್ರೊನೋಮ್ ಆನ್ ಮಾಡ್ಲಾ?" ಅಂದ್ರು.)

ಗಿಟಾರ್ ಹಿಡ್ಕೊಂಡಿರೋ ಫೋಟೋ ಹಾಕಿದ ದಿನದಿಂದ ಇನ್‌ಬಾಕ್ಸಿಗೆ ಬರ್ತಿರೋದು ಎರಡೇ ಪ್ರಶ್ನೆ. ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಯಾಕಕ್ಕ? ಇನ್ನೊಂದು, ಏಪ್ರಿಲ್ 14ಕ್ಕೆ ನಮ್ಮ ವೇದಿಕೆ ಮೇಲೆ ನುಡಿಸ್ತೀರಾ? ಒಬ್ಬೊಬ್ಬರಿಗೇ ಟೈಪ್ ಮಾಡಿ ಸಾಕಾಯ್ತು, ಅದಕ್ಕೇ ಇಲ್ಲೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊದಲು ವಾದ್ಯದ ವಿಷಯ. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಇ, ಎ, ಡಿ, ಜಿ. ಸ್ವರ ಮಾಮೂಲಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಫೋನಿನ ಸಣ್ಣ ಸ್ಪೀಕರಿಗೆ ಆ ಸದ್ದು ಹೊರಡಿಸೋಕೇ ಆಗಲ್ಲ. ಹಾಗಾಗಿ ವಿಡಿಯೋ ಕಳಿಸಿ ಅಂದವರಿಗೆ ಕಳಿಸಿದ್ರೂ ಕೇಳೋದು ತಂತಿ ಉಜ್ಜೋ ಟಿಕ್ ಟಿಕ್ ಅಷ್ಟೇ. ಮೊದಲ ತಿಂಗಳು ಕಲಿತಿದ್ದು ಬಲಗೈಯ ಎರಡು ಬೆರಳು ಒಂದಾದ ಮೇಲೊಂದು ನಡೆಸೋದು. ಎರಡನೇ ತಿಂಗಳು, ಬೇಡದ ತಂತಿ ಸದ್ದು ಮಾಡದ ಹಾಗೆ ಒತ್ತಿ ಹಿಡಿಯೋದು. ಇದು ನುಡಿಸೋದಕ್ಕಿಂತ ಕಷ್ಟ. ಬೆರಳ ತುದಿ ಬೊಬ್ಬೆ ಬಂದು ಒಡೆದು ಈಗ ಜಡ್ಡುಗಟ್ಟಿದೆ. ಡ್ರಮ್ಮಿನ ಏಟು ಎಲ್ಲಿ ಬೀಳುತ್ತೋ ಅಲ್ಲೇ ಬೇಸ್ ಬೀಳಬೇಕು, ಒಂಚೂರು ಮುಂದಾದ್ರೂ ಇಡೀ ಹಾಡು ಓಡಿಹೋಗುತ್ತೆ. ನಾಲ್ಕು ತಿಂಗಳ ಸಾರ ಇಷ್ಟೇ.

"ತಳಸಮುದಾಯದವರಿಗೆ ತಳದ ವಾದ್ಯ, ಸೂಪರ್ ಅಕ್ಕ" ಅಂತ ಒಬ್ಬ ತಮ್ಮ ಕಮೆಂಟ್ ಹಾಕಿದ. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದ್ರೂ ನನಗೆ ಈ ಹೋಲಿಕೆ ಹಿಡಿಸಲ್ಲ. ಬೇಸ್ ನುಡಿಸೋನು ತಾನೇ ಇಷ್ಟಪಟ್ಟು ಹಿಂದೆ ನಿಲ್ತಾನೆ, ಶೋ ಮುಗಿದ ಮೇಲೆ ಗಿಟಾರ್ ಬ್ಯಾಗಿಗೆ ಹಾಕಿ ಮನೆಗೆ ಹೋಗ್ತಾನೆ. ನಮ್ಮಪ್ಪನಿಗೆ ತಮಟೆ ಕೆಳಗಿಡೋ ಹಕ್ಕೇ ಇರಲಿಲ್ಲ. ಎರಡನ್ನೂ ಒಂದು ಮಾಡಬೇಡ್ರೋ.

ಹಿಂದೆ ನಿಂತವರ ಲೆಕ್ಕ ಯಾರು ಇಡ್ತಾರೆ ಅನ್ನೋ ಪ್ರಶ್ನೆ ಮಾತ್ರ ನಿಜ. ಬಾಬ್ ಮಾರ್ಲಿ ಟೀ ಶರ್ಟ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇಲ್ಲ ಹೇಳಿ! ಆ ಹಾಡುಗಳಲ್ಲಿ ಬೇಸ್ ನುಡಿಸಿದ ಆಸ್ಟನ್ ಬ್ಯಾರೆಟ್ ಹೆಸರು ಎಷ್ಟು ಜನ ಕೇಳಿದ್ದೀರಿ? ರೆಗ್ಗೆಯಲ್ಲಿ ಹಾಡನ್ನ ಹೊತ್ತು ನಡೆಯೋದೇ ಬೇಸು. ತನಗೆ ಬರಬೇಕಾದ ರಾಯಧನ ಕೊಡಿ ಅಂತ ಆತ ಲಂಡನ್ ಹೈಕೋರ್ಟಿಗೆ ಹೋದ, ಕೇಳಿದ್ದು 6 ಕೋಟಿ ಪೌಂಡಿನಷ್ಟು. 2006ರಲ್ಲಿ ಕೇಸು ಸೋತ. 2024ರ ಫೆಬ್ರವರಿಯಲ್ಲಿ ತೀರಿಕೊಂಡ. ನಮ್ಮ ಕಡೆಗೆ ಬಂದ್ರೆ, ನನಗೆ ಬೇಸ್ ಅಂದ್ರೆ ಇಳಯರಾಜ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಎರಡೂ ಕನ್ನಡದ್ದೇ. ಒಳ್ಳೆ ಹೆಡ್‌ಫೋನ್ ಹಾಕಿ, ಹಾಡೋರನ್ನ ಬಿಟ್ಟು ಕೆಳಗಿನ ಸದ್ದು ಮಾತ್ರ ಹಿಂಬಾಲಿಸಿ. ಅದು ತಾಳ ಹಾಕ್ತಾ ಸುಮ್ನೆ ಕೂತಿರಲ್ಲ, ತನ್ನದೇ ಇನ್ನೊಂದು ಹಾಡು ಹಾಡ್ತಿರುತ್ತೆ. 2022ರಲ್ಲಿ ಅವರು ಮೋದಿಯನ್ನ ಬಾಬಾಸಾಹೇಬರಿಗೆ ಹೋಲಿಸಿ ಮುನ್ನುಡಿ ಬರೆದಾಗ ನಾವೆಲ್ಲ ಎಷ್ಟು ಜಗಳ ಆಡಿದ್ವಿ, ನಾನೂ ಆಡಿದ್ದೆ, ಈಗಲೂ ಆಡ್ತೀನಿ. ಪನ್ನೈಪುರಂನಿಂದ ಬಂದ ಆ ಮನುಷ್ಯನ ಕಿವಿಯ ಮೇಲೆ ಮಾತ್ರ ನನಗೆ ಜಗಳ ಇಲ್ಲ.

ಈಗ ಮೊದಲ ಪ್ರಶ್ನೆ, ಯಾಕಕ್ಕ?

ಇದನ್ನ ಕೇಳಿದವರೆಲ್ಲ ನಮ್ಮವರೇ. ರಾಜಾಜಿನಗರದಲ್ಲಿ ಮೂರು ತಲೆಮಾರಿನಿಂದ ವೀಣೆ ನುಡಿಸೋ ಮನೆಗೆ ಹೋಗಿ ಯಾರಾದ್ರೂ "ಇದರಿಂದ ಸಮಾಜಕ್ಕೇನು ಉಪಯೋಗ?" ಅಂತಾರಾ? ನಾವು ಏನು ಕಲಿತರೂ ಅದು ಚಳವಳಿಗೆ ಆಗಬೇಕು, ಇಲ್ಲಾ ಹೊಟ್ಟೆಪಾಡಿಗೆ ಆಗಬೇಕು. ಸುಮ್ನೆ, ಚೆಂದ ಇದೆ ಅಂತ ಕಲಿಯೋಕೆ ನಮಗೆ ನಾವೇ ಅನುಮತಿ ಕೊಟ್ಟುಕೊಂಡಿಲ್ಲ. ಬಾಬಾಸಾಹೇಬರು ದೊಡ್ಡ ವಯಸ್ಸಿನಲ್ಲಿ ಮೇಷ್ಟ್ರನ್ನ ಇಟ್ಟುಕೊಂಡು ವಯಲಿನ್ ಕಲಿತರು. ಅವರು ವಯಲಿನ್ ಹಿಡಿದಿರೋ ಚಿತ್ರವನ್ನ ನಾವೇ ಫ್ಲೆಕ್ಸ್ ಮಾಡಿ ಹಾಕ್ತೀವಿ. ಅಷ್ಟು ಕೆಲಸದ ನಡುವೆ ಆ ಮನುಷ್ಯ ಒಂದು ಗಂಟೆ ತೆಗೆದಿಟ್ಟು ತಂತಿ ಮೇಲೆ ಕಮಾನು ಎಳೀತಾ ಕೂತಿದ್ರಲ್ಲ, ಅದು ಯಾವ ಸಭೆಗಾಗಿ? ನನಗಂತೂ ಈ ಕಾರಣ ಸಾಕು.

ಎರಡನೇ ಪ್ರಶ್ನೆಗೆ ಉತ್ತರ ಕೊಡೋ ಮುಂಚೆ ಅಪ್ಪನ ಮಾತು ಹೇಳಬೇಕು.

ಅಪ್ಪ ಮಾಗಡಿ ಕಡೆಯ ಹಳ್ಳಿಯವರು. ಊರಲ್ಲಿ ಯಾರೇ ಸತ್ತರೂ ತಮಟೆ ಹೊಡೆಯೋದು ನಮ್ಮ ಮನೆ. ಬಿಸಿಲಲ್ಲಿ ನಿಂತು ದಿನವಿಡೀ ಹೊಡೆದ್ರೆ ಒಂದಿಷ್ಟು ರಾಗಿ, ಉಳಿದ ಅನ್ನ. ಬರಲ್ಲ ಅನ್ನೋ ಹಾಗಿಲ್ಲ. ದಸಂಸ ಕಾಲದಲ್ಲಿ ಎಷ್ಟೋ ಹಳ್ಳಿಗಳಲ್ಲಿ ನಮ್ಮವರು "ಇನ್ನು ಹೊಡೆಯಲ್ಲ" ಅಂದ್ರಲ್ಲ, ಅಪ್ಪನೂ ಅಂದ್ರು. ಆಮೇಲೆ ಊರಲ್ಲಿ ಇರೋಕಾಗದೆ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ಬಾಡಿಗೆಗೆ ಸೇರಿದ್ರು. ಕವಿ ಸಿದ್ದಲಿಂಗಯ್ಯನವರು ಬೆಳೆದ ಅದೇ ಶ್ರೀರಾಮಪುರ. ಹಮಾಲಿ ಮಾಡಿ ನಮ್ಮನ್ನ ಓದಿಸಿದ್ರು. ಮನೆಯಲ್ಲಿ ತಮಟೆ ಇಡಲಿಲ್ಲ, ಹೊಡೆಯೋದನ್ನ ತಮಾಷೆಗೂ ತೋರಿಸಲಿಲ್ಲ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಟಿವಿ ಜೋರು ಮಾಡಿ ಅಪ್ಪನ್ನ ಕರೆದೆ. ನೋಡಿದ್ರು. "ಕೊಟ್ಟಿದ್ದು ಒಳ್ಳೇದಾಯ್ತು. ಆದ್ರೆ ನಾನು ಹೊಡೆಯಕಿಲ್ಲ" ಅಂದ್ರು. ಅಷ್ಟೇ.

ಈಗ ಅಪ್ಪ ನಮ್ಮ ಜೊತೆ ಕೆಂಗೇರಿಯಲ್ಲಿದ್ದಾರೆ. ಸಂಜೆ ನಾನು ಅಭ್ಯಾಸ ಮಾಡುವಾಗ ಬಾಗಿಲಲ್ಲಿ ಬಂದು ನಿಲ್ತಾರೆ. ಹನ್ನೆರಡನೇ ಕ್ಲಾಸಿನ ಹೊತ್ತಿಗೆ ಇರಬೇಕು, "ಇದೇನವ್ವಾ, ಇಷ್ಟು ದಪ್ಪ ತಂತಿ, ಸದ್ದೇ ಇಲ್ವಲ್ಲಾ" ಅಂದ್ರು. ಆಂಪ್ ಇಲ್ದೆ ನುಡಿಸ್ತಿದ್ದೆ. ಅಪ್ಪನ ಕೈ ತಗೊಂಡು ಗಿಟಾರಿನ ಮರದ ಮೇಲಿಟ್ಟು ದಪ್ಪ ತಂತಿ ಮೀಟಿದೆ. ಅಂಗೈಗೆ ತಾಗಿತು. ಸ್ವಲ್ಪ ಹೊತ್ತು ಬಿಟ್ಟು ಟೇಬಲ್ ಮೇಲೆ ಎರಡು ಬೆರಳಲ್ಲಿ ತಟ್ಟೋಕೆ ಶುರು ಮಾಡಿದ್ರು. ನಾನು ಸೇರ್ಕೊಳ್ಳೋಕೆ ನೋಡಿದೆ, ಆಗಲಿಲ್ಲ. ನನಗೆ ಕ್ಲಾಸಲ್ಲಿ ಹೇಳಿಕೊಟ್ಟಿರೋದೆಲ್ಲ ನಾಲ್ಕರ ಲೆಕ್ಕ. ಅಪ್ಪನ ಬೆರಳು ಮೂರು ಮೂರಾಗಿ ಓಡ್ತಿತ್ತು, ಜೋರು ಏಟು ನಾನು ಕಾಯೋ ಜಾಗದಲ್ಲಿ ಬೀಳ್ತಾನೇ ಇರಲಿಲ್ಲ. "ಒಂದು ಎಲ್ಲಪ್ಪಾ?" ಅಂದೆ. "ಒಂದು ಅಂತ ಏನಿಲ್ಲ, ಹೆಣ ಎತ್ತೋವಾಗ ಹಿಂಗೆ, ನಡಿಯೋವಾಗ ಹಿಂಗೆ" ಅಂತ ಇನ್ನೊಂದು ತಟ್ಟಿದ್ರು.

ಕಲಿಸಿಕೊಡಪ್ಪ ಅಂತ ಕೇಳಿದೆ. "ಕೋಲು ಕೈಗೆ ತಗೊಳಕಿಲ್ಲ. ಲೆಕ್ಕ ಬೇಕಾದ್ರೆ ಹೇಳ್ತೀನಿ, ಬರ್ಕೊ" ಅಂದ್ರು.

ಸರ್ ಹೇಳಿರೋದು, ಮುಂದಿನ ಹಂತಕ್ಕೆ ಸೇರಿ, ಗ್ರೇಡ್ ಪರೀಕ್ಷೆ ಕಟ್ಟಿ ಅಂತ. ಒಳ್ಳೆ ಮೇಷ್ಟ್ರು, ಸಲಹೆಯೂ ಸರಿಯಾದದ್ದೇ. ವಿಜಯನಗರದಲ್ಲಿ ಆಫೀಸಿನವರು ಸೇರಿ ಮಾಡ್ಕೊಂಡಿರೋ ಒಂದು ಬ್ಯಾಂಡಿನವರು ಬೇಸ್ ನುಡಿಸೋರು ಸಿಗ್ತಿಲ್ಲ ಬನ್ನಿ ಅಂದಿದ್ದಾರೆ. (ಬೇಸಿನವರು ಎಲ್ಲೂ ಸಿಗಲ್ಲವಂತೆ, ಎಲ್ಲರಿಗೂ ಮುಂದೆ ನಿಲ್ಲೋ ಆಸೆ.) ನಮ್ಮ ಸಂಗಾತಿಗಳದ್ದು ಏಪ್ರಿಲ್ 14.

ನಾನು ತೀರ್ಮಾನ ಮಾಡಿರೋದು ಹೀಗೆ. ಆರು ತಿಂಗಳು ಎಲ್ಲೂ ಸೇರಲ್ಲ. ವಾರಕ್ಕೆ ಎರಡು ಸಂಜೆ ಅಪ್ಪನ ಲೆಕ್ಕ. ಅವರು ಟೇಬಲ್ ಮೇಲೆ ತಟ್ಟೋದನ್ನ ರೆಕಾರ್ಡ್ ಮಾಡ್ಕೊಳ್ಳೋದು, ಅದರ ಕೆಳಗೆ ಬೇಸ್ ಎಲ್ಲಿ ಕೂರುತ್ತೆ ಹುಡುಕೋದು. ಇದುವರೆಗೆ ಏಳು ಪೆಟ್ಟು ಬರ್ಕೊಂಡಿದ್ದೀನಿ, ಎರಡಕ್ಕೆ ಸೇರ್ಕೊಳ್ಳೋಕೆ ಬರ್ತಿದೆ. ಅಪ್ಪನಿಗೆ ಎಪ್ಪತ್ತನಾಲ್ಕು. ಗ್ರೇಡ್ ಪರೀಕ್ಷೆ ಮುಂದಿನ ವರ್ಷವೂ ಇರುತ್ತೆ.

ಹಾಗಾಗಿ ಏಪ್ರಿಲ್ 14ಕ್ಕೆ ನುಡಿಸಲ್ಲ, ಬೇಜಾರು ಮಾಡ್ಕೋಬೇಡಿ. ಚೆನ್ನೈಯ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಉದಾಹರಣೆ ಕೊಟ್ಟು ಮೂರು ಜನ ಮೆಸೇಜ್ ಹಾಕಿದ್ದೀರಿ. ಪಾ. ರಂಜಿತ್, ತೆನ್ಮಾ ಜೊತೆ 2018ರ ಜನವರಿಯಲ್ಲಿ ಆ ವೇದಿಕೆ ಹತ್ತಿದವರು ವರ್ಷಗಟ್ಟಲೆ ಗಾನಾ ಹಾಡಿದವರು, ಪರೈ ಹೊಡೆದವರು. ನನ್ನದು ಹದಿನಾರು ಕ್ಲಾಸು. ನಮ್ಮ ವೇದಿಕೆ ಅಂತ ಅರೆಬರೆ ನುಡಿಸಿದ್ರೂ ನಡೆಯುತ್ತೆ ಅನ್ನೋ ಅಭ್ಯಾಸ ನಮಗೆ ಬೇಡ. ಅವತ್ತು ಎಂದಿನ ಹಾಗೆ ಕುರ್ಚಿ ಜೋಡಿಸೋಕೆ ಬೆಳಿಗ್ಗೆ ಏಳಕ್ಕೇ ಬರ್ತೀನಿ.

ಮುಂದೆ ವೇದಿಕೆಗೆ ಬರ್ತೀನೋ ಇಲ್ವೋ ಅಂದ್ರೆ, ಆ ಲೆಕ್ಕಗಳನ್ನ ಮೈಕಿನ ಮುಂದೆ ತರಬಹುದಾ ಅಂತ ಅಪ್ಪನ್ನ ಕೇಳಬೇಕು. ಅವರು ಬಿಟ್ಟಿದ್ದು ಮಾನಕ್ಕಾಗಿ. ಬೇಡ ಅಂದ್ರೆ ಅದು ನಮ್ಮ ಮನೆ ಟೇಬಲ್ ಮೇಲೇ ಇರುತ್ತೆ. ಇನ್ನೂ ಕೇಳಿಲ್ಲ.

ಕೊನೆಗೆ ಒಂದು ಸಹಾಯ. ಕ್ಲಾಸಿನ ಆಂಪ್ ಇನ್ನು ಸಿಗಲ್ಲ. ಕೆಂಗೇರಿ, ನಾಗರಬಾವಿ, ವಿಜಯನಗರ ಕಡೆ ಯಾರ ಹತ್ತಿರವಾದ್ರೂ ಹಳೆ ಬೇಸ್ ಆಂಪ್ ಇದ್ರೆ ಹೇಳಿ, 20 ವ್ಯಾಟಿಂದಾದ್ರೂ ಸಾಕು. ಮೆಟ್ರೋದಲ್ಲಿ ಬಂದು ತಗೊಂಡು ಹೋಗ್ತೀನಿ. ಕೆಳಗಿನ ಮನೆಯವರ ಹತ್ತಿರ ಸಂಜೆ ಆರರಿಂದ ಏಳು ಅಂತ ಮಾತಾಡಿ ಒಪ್ಪಿಸಿದ್ದೀನಿ.