ಹೆಸರು ಕೊಟ್ಟವರು, ಉಳಿದವರು

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕೆ ಸದಸ್ಯರು ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜುಲೈನಲ್ಲಿ ಹಾಲ್‌ನಲ್ಲಿ ಒಂದು ಭಾಷಣ, ಕಳೆದ ವರ್ಷದ ಶಿಬಿರದ ಫೋಟೋಗಳು, ಪ್ರಮಾಣಪತ್ರದ ಬಗ್ಗೆ ಎರಡು ಮಾತು. ಇಷ್ಟಾದರೆ ಸಾಕು, ಘಟಕದ 100 ಹೆಸರು ಎರಡೇ ದಿನದಲ್ಲಿ ತುಂಬುತ್ತವೆ. ಡಿಸೆಂಬರ್‌ನಲ್ಲಿ ಹಾಜರಿ ಕೂಗಿದಾಗ ಮೂವತ್ತು ಜನ "ಎಸ್ ಸರ್" ಎಂದರೆ ಅದೇ ಹೆಚ್ಚು. ಉಳಿದ ಎಪ್ಪತ್ತು ಮಂದಿ ಎಲ್ಲಿಗೂ ಹೋಗಿರುವುದಿಲ್ಲ. ಕ್ಲಾಸಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ದಾದಿಮಾ ನಕ್ಕುಬಿಟ್ಟರು. "ಬುಲಾನಾ ಆಸಾನ್ ಮಾ, ಬಿಠಾನಾ ಮುಷ್ಕಿಲ್" ಎಂದರು. ಅವರು ಹೇಳಿದ್ದು ಮದುವೆ ದಾವತ್‌ನ ಲೆಕ್ಕದಲ್ಲಿ. ಊರಿಗೆಲ್ಲ ಕರೆಯೋಲೆ ಕೊಡಬಹುದು, ಬಂದವರನ್ನು ಕೂರಿಸಿ ಉಣ್ಣಿಸುವುದರಲ್ಲಿದೆ ಕಷ್ಟ.

ಕಾಮರ್ಸ್‌ನವಳು ಎಂಬ ಒಂದೇ ಕಾರಣಕ್ಕೆ ಹಾಜರಿ ಪುಸ್ತಕ ನನ್ನ ಕೈಗೆ ಬಂದಿದೆ. (ಪ್ರಥಮ ಚಿಕಿತ್ಸೆಯ ಡಬ್ಬಿ ಸೈನ್ಸ್‌ನವರಿಗೆ, ಸ್ವಾಗತ ಭಾಷಣ ಆರ್ಟ್ಸ್‌ನವರಿಗೆ. ಈ ಹಂಚಿಕೆ ಮಾಡಿದವರು ಯಾರೋ ಗೊತ್ತಿಲ್ಲ.) ಪುಸ್ತಕದಲ್ಲಿ ಹಾಜರ್, ಗೈರು ಎಂದು ಎರಡೇ ಗುರುತು ಇದ್ದವು. ಸರ್ ಅನುಮತಿ ಪಡೆದು ನಾನು ಮೂರನೆಯ ಕಾಲಂ ಎಳೆದೆ: ಏಕೆ ಬರಲಿಲ್ಲ? ಬೈಯಲು ಅಲ್ಲ, ಬರೆದುಕೊಳ್ಳಲು ಅಷ್ಟೇ ಎಂದು ಹೇಳಿದ ಮೇಲೆ ಹುಡುಗ ಹುಡುಗಿಯರು ನಿಜ ಹೇಳತೊಡಗಿದರು.

ಟ್ಯೂಷನ್, ಬಸ್ಸು, ಮನೆಯಲ್ಲಿ ಬಿಡಲಿಲ್ಲ. ಇವು ನಿರೀಕ್ಷೆ ಇದ್ದ ಉತ್ತರಗಳು. ಆದರೆ ಮತ್ತೆ ಮತ್ತೆ ಬಂದ ಉತ್ತರ ಬೇರೆ: "ಬಂದು ಏನು ಮಾಡಲಿ? ಹೋದ ಸಲ ಸುಮ್ಮನೆ ನಿಂತು ಬಂದೆ."

ಇದು ಸುಳ್ಳಲ್ಲ. ಶ್ರಮದಾನದ ದಿನ ಅರವತ್ತು ಜನ ಬಂದಿದ್ದೆವು, ಪೊರಕೆ ಇದ್ದದ್ದು ಆರು. ಆರು ಜನ ಗುಡಿಸಿದರು, ಇಬ್ಬರು ಬ್ಯಾನರ್ ಹಿಡಿದರು, ಉಳಿದವರು ಫೋಟೋದಲ್ಲಿ ಬಂದರು. ರಕ್ತದಾನ ಶಿಬಿರವೂ ಹಾಗೆಯೇ. ಅದು ನಮ್ಮ ಘಟಕದ ದೊಡ್ಡ ಕಾರ್ಯಕ್ರಮ. ಆದರೆ ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಪಿಯುಸಿಯ ನಮಗೆ ಹದಿನಾರು, ಹದಿನೇಳು. ಅಂದರೆ ನಮ್ಮ ಕಾರ್ಯಕ್ರಮದಲ್ಲಿ ನಾವೇ ಪ್ರೇಕ್ಷಕರು. ಒಬ್ಬ ಹುಡುಗ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ. ಅವನು ಮತ್ತೆ ಬರಲಿಲ್ಲ. ಅವನಿಗೆ ಸೇವಾ ಮನೋಭಾವ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾಲ್ಕು ಗಂಟೆ ಬುಟ್ಟಿ ಹಿಡಿದವನಲ್ಲಿ ಇನ್ನೆಷ್ಟು ಮನೋಭಾವ ಬೇಕು?

ಇನ್ನೊಂದು ಉತ್ತರ ಹಳ್ಳಿಯಿಂದ ಬರುವ ಒಬ್ಬ ಗೆಳತಿಯದು. "ಮೀಟಿಂಗ್‌ನಲ್ಲಿ ನೀವೆಲ್ಲ ಉರ್ದುವಿನಲ್ಲಿ ಮಾತಾಡಿಕೊಂಡು ನಗುತ್ತೀರಿ. ಏನು ತೀರ್ಮಾನ ಆಯಿತು ಅಂತ ನನಗೆ ಮಾರನೇ ದಿನ ಗೊತ್ತಾಗುತ್ತೆ" ಎಂದಳು. ನಮ್ಮಲ್ಲಿ ಹೆಚ್ಚಿನವರ ಮನೆಮಾತು ಉರ್ದು. ಮಾತು ಜೋರಾದರೆ ನಾಲಿಗೆ ತಾನಾಗಿ ಅತ್ತ ಹೊರಳುತ್ತದೆ. ಅದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಹೊರಗೆ ಉಳಿದವರಿಗೆ ಉದ್ದೇಶ ಕಾಣುವುದಿಲ್ಲವಲ್ಲ. ಈಗ ಸಭೆ ಕನ್ನಡದಲ್ಲೇ ನಡೆಯುತ್ತದೆ. ನಡಾವಳಿ ಬರೆಯುವವಳೂ ಆ ಗೆಳತಿಯೇ. ಯಾರಾದರೂ ಉರ್ದುವಿಗೆ ಜಾರಿದರೆ ಪೆನ್ ಎತ್ತಿ ಹಿಡಿಯುತ್ತಾಳೆ, ನಾವು ವಾಪಸ್ ಬರುತ್ತೇವೆ.

ಇಲ್ಲಿ ಎನ್‌ಎಸ್‌ಎಸ್ ಬಗ್ಗೆ ಸ್ವಲ್ಪ ಹೇಳಬೇಕು. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಇದು ಶುರುವಾಯಿತು. ಶುರು ಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಆಗ ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. ಸ್ವಾತಂತ್ರ್ಯಪೂರ್ವ ಭಾರತದ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದವರ ಸಾಲಿನಲ್ಲಿ ಇದೇ ಹೆಸರನ್ನು ಅರ್ಥಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಇಬ್ಬರೂ ಒಬ್ಬರೇ ಎಂದು ತಿಳಿದಾಗ ನನಗೆ ಖುಷಿಯಾಯಿತು. ದೇಶದ ಲೆಕ್ಕ ಹಾಕಿದವರು ನಮ್ಮ ಗಂಟೆಗಳಿಗೂ ಒಂದು ಲೆಕ್ಕ ಇಟ್ಟರು ಅನ್ನಿಸಿತು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಅದರ ಜೊತೆ ಏಳು ದಿನದ ವಿಶೇಷ ಶಿಬಿರ.

120 ಗಂಟೆಯನ್ನು ಜುಲೈನಿಂದ ಫೆಬ್ರುವರಿವರೆಗೆ ಹಂಚಿದರೆ ವಾರಕ್ಕೆ ಸುಮಾರು ಮೂರೂವರೆ ಗಂಟೆ. ನೀಟ್‌ಗೆ ಓದುತ್ತಿರುವ ಒಬ್ಬಳು "ನನ್ನಿಂದ ವಾರಕ್ಕೆ ಒಂದೇ ಗಂಟೆ ಆಗುತ್ತೆ, ನಡೆಯುತ್ತಾ?" ಎಂದು ಕೇಳಿದಳು. ಪ್ರಮಾಣಪತ್ರ ಸಿಗುವುದಿಲ್ಲ, ಆದರೆ ನಡೆಯುತ್ತದೆ ಎಂದರು ಸರ್. ಇಡೀ ವರ್ಷದಲ್ಲಿ ಒಂದು ವಾರವೂ ತಪ್ಪಿಸದವಳು ಅವಳೊಬ್ಬಳೇ. ಪ್ರಮಾಣಪತ್ರದ ಆಸೆಗೆ ಹೆಸರು ಕೊಟ್ಟ ಎಷ್ಟೋ ಮಂದಿ ದಸರಾ ರಜೆ ದಾಟಲಿಲ್ಲ.

ಅವಳ ಆ ಒಂದು ಗಂಟೆ ಹೋಗುತ್ತಿದ್ದದ್ದು ಮಂಡಕ್ಕಿ ಭಟ್ಟಿಗೆ. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿ ಅಂದರೆ ವಿವರಿಸಬೇಕಿಲ್ಲ. ಹೊಗೆ, ಹೊಟ್ಟು, ಕಾದ ಮರಳಿನಲ್ಲಿ ಅರಳುವ ಅಕ್ಕಿ. ಸಂಜೆ ನಾವು ಮೆಣಸಿನಕಾಯಿ ಜೊತೆ ತಿನ್ನುವ ಮಂಡಕ್ಕಿಗೆ ಯಾರದೋ ಮನೆಯಲ್ಲಿ ನಸುಕಿನಲ್ಲೇ ಒಲೆ ಹೊತ್ತಿರುತ್ತದೆ. ಅಲ್ಲಿನ ಮಕ್ಕಳಿಗೆ ಭಾನುವಾರ ಬೆಳಗ್ಗೆ ಪಾಠ ಹೇಳುವ ಕೆಲಸವನ್ನು ಘಟಕ ಕೈಗೆತ್ತಿಕೊಂಡಿತು. ಈ ಸಲ ಸರ್ ಒಂದು ಬದಲಾವಣೆ ಮಾಡಿದರು. "ಎಲ್ಲರೂ ಬನ್ನಿ" ಎನ್ನುವ ಬದಲು ಒಬ್ಬೊಬ್ಬರಿಗೆ ಇಬ್ಬಿಬ್ಬರು ಮಕ್ಕಳನ್ನು ಹೆಸರು ಬರೆದು ಹಂಚಿದರು. ಯಾರಾದರೂ ಬರಲಾಗದಿದ್ದರೆ ಪಕ್ಕದ ಗುಂಪಿನವರಿಗೆ ಶನಿವಾರವೇ ಹೇಳಬೇಕು.

ಫಲ ಹಾಜರಿ ಪುಸ್ತಕದಲ್ಲೇ ಕಂಡಿತು. ಈ ಗುಂಪಿನ ಹದಿನಾರು ಜನರಲ್ಲಿ ಬಿಟ್ಟುಹೋದವರು ಇಬ್ಬರು, ಅದೂ ಒಬ್ಬರದು ಊರು ಬದಲಾದ ಕಾರಣ. ಬಾಳೆಹಣ್ಣಿನ ಬುಟ್ಟಿಯ ಹುಡುಗನನ್ನೂ ಕರೆದೆವು, ಬಂದ. ಒಂದು ಭಾನುವಾರ ಅವನಿಗೆ ಜ್ವರ. ಮಾರನೇ ವಾರ ಅವನ ಪಾಲಿನ ಹುಡುಗ ಬೀದಿ ತುದಿಯಲ್ಲೇ ನಿಂತು "ಹೋದ ವಾರ ಯಾಕೆ ಬರಲಿಲ್ಲ?" ಎಂದು ಜಗಳ ತೆಗೆದನಂತೆ. ನನ್ನ ಮೂರನೆಯ ಕಾಲಂನ ಕೆಲಸವನ್ನು ಆ ಎಂಟು ವರ್ಷದವನು ನನಗಿಂತ ಚೆನ್ನಾಗಿ ಮಾಡಿದ್ದ.

ಹುಡುಗಿಯರ ವಿಷಯದಲ್ಲಿ ಮನೆಯ ಒಪ್ಪಿಗೆ ಮೊದಲ ಬಾಗಿಲು. ಆ ಬಾಗಿಲು ಮುಚ್ಚಿದೆ ಎಂದು ದೂರುವುದಕ್ಕಿಂತ ತಟ್ಟುವುದು ಒಳ್ಳೆಯದು. ನಮ್ಮ ಮೇಡಂ ಒಬ್ಬೊಬ್ಬರ ಅಮ್ಮಿಗೂ ಫೋನ್ ಮಾಡಿ ಎಷ್ಟಕ್ಕೆ ಹೊರಡುತ್ತೇವೆ, ಜೊತೆಗೆ ಯಾರಿರುತ್ತಾರೆ, ಎಷ್ಟಕ್ಕೆ ಮನೆ ಸೇರುತ್ತೇವೆ ಎಂದು ಹೇಳಿದರು. ಒಂದೇ ಬೀದಿಯ ಹುಡುಗಿಯರನ್ನು ಜೋಡಿ ಮಾಡಿದರು. ನಮ್ಮ ಮನೆಯಲ್ಲಿ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: "ಹನ್ನೊಂದೂವರೆ ಅಂದರೆ ಹನ್ನೊಂದೂವರೆಯೇ ತಾನೇ?" ಹೌದು ಎಂದೆ. ಹೇಳಿದ ಹೊತ್ತಿಗೆ ನಾಲ್ಕು ವಾರ ಮನೆ ಸೇರಿದ ಮೇಲೆ ಅವರು ಕೇಳುವುದನ್ನು ಬಿಟ್ಟರು. ರಂಜಾನ್‌ನಲ್ಲಿ ಏನು ಮಾಡುವುದು ಎಂಬುದೂ ಚರ್ಚೆಯಾಯಿತು. ಈಗ ಕೆಲವು ವರ್ಷ ರೋಜಾ ಮತ್ತು ಪರೀಕ್ಷೆ ಜೊತೆಜೊತೆಯಾಗಿಯೇ ಬರುತ್ತಿವೆ. ಒಂದೂವರೆ ಗಂಟೆಯ ಪಾಠವನ್ನು ಮುಕ್ಕಾಲು ಗಂಟೆಗೆ ಇಳಿಸುವುದು, ಆದರೆ ನಿಲ್ಲಿಸದೇ ಇರುವುದು ಎಂದು ತೀರ್ಮಾನಿಸಿದೆವು. ಒಮ್ಮೆ ನಿಂತರೆ ಮತ್ತೆ ಶುರು ಮಾಡುವುದು ಕಷ್ಟ, ಮಕ್ಕಳಿಗೂ ನಮಗೂ.

ಇಷ್ಟೆಲ್ಲ ಮಾಡಿದರೂ ಒಂದು ಸೋರಿಕೆಯನ್ನು ಯಾರೂ ತಡೆಯಲಾರರು. ಪಿಯು ಕಾಲೇಜಿನಲ್ಲಿ ಎಂಥ ಒಳ್ಳೆಯ ಸದಸ್ಯರಾದರೂ ಎರಡೇ ವರ್ಷ. ಮಾರ್ಚ್ ಬಂದರೆ ದ್ವಿತೀಯ ಪಿಯುಸಿಯವರು ಖಾಲಿ. ನಮ್ಮ ಅಕೌಂಟೆನ್ಸಿಯಲ್ಲಿ ಪಾಲುದಾರನ ಪ್ರವೇಶಕ್ಕೆ ಒಂದು ಅಧ್ಯಾಯ ಇದ್ದರೆ ನಿವೃತ್ತಿಗೂ ಒಂದು ಅಧ್ಯಾಯ ಇದೆ. ಹೋಗುವವನ ಪಾಲು ಎಷ್ಟು, ಅದು ಯಾರಿಗೆ ಯಾವ ಪ್ರಮಾಣದಲ್ಲಿ ಸೇರಬೇಕು ಎಂದು ಪೈಸೆ ಬಿಡದೆ ಲೆಕ್ಕ ಹಾಕುತ್ತೇವೆ. ಸೇವೆಯ ಕ್ಲಬ್ಬುಗಳಲ್ಲಿ ಮಾತ್ರ ಪ್ರವೇಶಕ್ಕೆ ಸಮಾರಂಭ ಇರುತ್ತದೆ, ನಿವೃತ್ತಿಗೆ ಒಂದು ಗ್ರೂಪ್ ಫೋಟೋ. ಹೋಗುವವರ ಜೊತೆ ಅವರಿಗೆ ತಿಳಿದದ್ದೆಲ್ಲ ಹೊರಟುಹೋಗುತ್ತದೆ. ಯಾವ ಮಗುವಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಯಾರ ಮನೆಯಲ್ಲಿ ಭಾನುವಾರವೂ ಕೆಲಸ ಇರುತ್ತದೆ, ಯಾವ ಅಜ್ಜಿ ಚಹಾ ಕುಡಿಯದೆ ಬಿಡುವುದಿಲ್ಲ, ಇವೆಲ್ಲ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಹಾಗಾಗಿ ಈ ಜನವರಿಯಿಂದ ದ್ವಿತೀಯ ಪಿಯುಸಿಯ ಪ್ರತಿಯೊಬ್ಬರ ಜೊತೆ ಪ್ರಥಮ ಪಿಯುಸಿಯ ಒಬ್ಬರು ಭಟ್ಟಿಗೆ ಬರುತ್ತಿದ್ದಾರೆ. ಮೊದಲೆರಡು ವಾರ ಪಕ್ಕದಲ್ಲಿ ಕೂರುವುದು, ಮೂರನೇ ವಾರದಿಂದ ಪಾಠ ಅವರದು, ಪಕ್ಕದಲ್ಲಿ ಕೂರುವುದು ನಮ್ಮದು. ಮಕ್ಕಳಿಗೆ ಹೊಸಬರು ಹಿಡಿಸಿದ್ದಾರೆ. ನಮಗೆ ಒಂಚೂರು ಹೊಟ್ಟೆಕಿಚ್ಚೂ ಆಗಿದೆ.

ಹದಿನಾಲ್ಕು ಜನರಲ್ಲಿ ಹದಿಮೂರು ಮಂದಿಗೆ ಜೋಡಿ ಸಿಕ್ಕಿದೆ. ಸಿಗದೆ ಉಳಿದಿರುವುದು ನನ್ನ ಪಾಲಿನ ಇಬ್ಬರಿಗೆ. ಒಬ್ಬನಿಗೆ ಏಳರ ಮಗ್ಗಿಯವರೆಗೆ ಬರುತ್ತದೆ, ಎಂಟು ಎಂದರೆ ನೀರು ಕುಡಿಯಲು ಎದ್ದು ಹೋಗುತ್ತಾನೆ. ಇನ್ನೊಬ್ಬಳು ಕನ್ನಡ ಚೆನ್ನಾಗಿ ಓದುತ್ತಾಳೆ, ಒತ್ತಕ್ಷರ ಬಂದ ಕೂಡಲೇ ಪುಸ್ತಕ ಮುಚ್ಚುತ್ತಾಳೆ. ಪ್ರಥಮ ಪಿಯುಸಿಯ ಯಾರಾದರೂ, ಯಾವ ವಿಭಾಗದವರಾದರೂ ಸರಿ, ಭಾನುವಾರ ಒಂಬತ್ತೂವರೆಗೆ ಕಾಲೇಜು ಗೇಟಿನ ಹತ್ತಿರ ಬನ್ನಿ. ಹನ್ನೊಂದೂವರೆಗೆ ಮನೆ ಸೇರಬಹುದು.